ಸೈಲೆನ್ಸರ್ ಬದಲಿಸಿದ ಮೇಲೆ ಇಂಧನ ಹೊಂದಿಸುವ ಕ್ರಮ: ಕಾರ್ಬೊರೇಟರ್ ಕ್ಲಾಸಿಕ್ 350ರಿಂದ ಎಫ್‌ಐ ಬೈಕಿನವರೆಗೆ

ಹೊಸ ಸೈಲೆನ್ಸರ್ ಹಾಕಿಸಿಕೊಂಡವರು ಎರಡನೆಯ ದಿನಕ್ಕೆ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಯಾವ ನಂಬರಿನ ಜೆಟ್ (ಕಾರ್ಬೊರೇಟರಿನೊಳಗೆ ಎಷ್ಟು ಪೆಟ್ರೋಲ್ ಹರಿಯಬೇಕೆಂದು ತೀರ್ಮಾನಿಸುವ ಸಣ್ಣ ರಂಧ್ರದ ತುಂಡು) ಹಾಕಬೇಕು? ಆ ಪ್ರಶ್ನೆಗೆ ಅಳತೆ ಮಾಡದೆ ಹೇಳುವ ಯಾವ ಉತ್ತರವೂ ಊಹೆಯೇ. ನಿಮ್ಮ ಗಾಡಿಯ ಗಾಳಿ-ಪೆಟ್ರೋಲ್ ಮಿಶ್ರಣ ಮೊದಲು ಎಲ್ಲಿತ್ತು, ಸೈಲೆನ್ಸರ್ ಬದಲಾದ ಮೇಲೆ ಎಷ್ಟು ಸರಿಯಿತು, ಯಾವ ಆರ್‌ಪಿಎಂನಲ್ಲಿ, ಎಕ್ಸಲರೇಟರಿನ ಯಾವ ತೆರವಿನಲ್ಲಿ ಸರಿಯಿತು ಎಂಬುದನ್ನು ತಿಳಿದ ಮೇಲಷ್ಟೇ ಜೆಟ್ಟಿನ ಮಾತು. ಈ ಬರಹದ ಬಹುಪಾಲು ಆ ತಿಳಿಯುವ ಕ್ರಮದ ಬಗ್ಗೆಯೇ ಇದೆ. ಉದಾಹರಣೆಗೆ ನಮ್ಮ ರಸ್ತೆಗಳಲ್ಲಿ ಎಲ್ಲರೂ ನೋಡಿರುವ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಗಾಡಿಯನ್ನು ತೆಗೆದುಕೊಂಡಿದ್ದೇನೆ. 346 ಸಿಸಿಯ ಯುಸಿಇ (ಎಂಜಿನ್, ಗೇರ್ ಬಾಕ್ಸ್ ಒಂದೇ ಕವಚದಲ್ಲಿರುವ) ಎಂಜಿನ್ನಿನ ಈ ಗಾಡಿ ಬಿಎಸ್6 ಹೊಗೆ ನಿಯಮ ಬರುವವರೆಗೆ ಕಾರ್ಬೊರೇಟರಿನಲ್ಲೇ ಓಡಿತು. ಎಫ್‌ಐ (ಕಂಪ್ಯೂಟರ್ ನಿಯಂತ್ರಣದಲ್ಲಿ ಪೆಟ್ರೋಲ್ ಚಿಮ್ಮಿಸುವ ಫ್ಯೂಯಲ್ ಇಂಜೆಕ್ಷನ್) ಗಾಡಿಗಳ ವಿಚಾರ ಕೊನೆಯ ಭಾಗದಲ್ಲಿದೆ.

ಕೆಲಸಕ್ಕೆ ಕೈ ಹಾಕುವ ಮೊದಲು ಕಾನೂನಿನ ಮಾತನ್ನು ಮುಗಿಸಿಬಿಡೋಣ. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂ ಪ್ರಕಾರ ಶಬ್ದ ಮತ್ತು ವಾಯು ಮಾಲಿನ್ಯದ ಮಿತಿ ಮೀರಿದ ಗಾಡಿ ಓಡಿಸಿದರೆ ಮೊದಲ ಸಲವೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸೆರೆವಾಸ, ಮೂರು ತಿಂಗಳು ಲೈಸೆನ್ಸ್ ಅನರ್ಹತೆ ಆಗಬಹುದು. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಕಿತ್ತ ಸೈಲೆನ್ಸರುಗಳನ್ನು ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸಿದ ದೃಶ್ಯವನ್ನು ನೀವೂ ನೋಡಿರುತ್ತೀರಿ. ಸದ್ದು ತಗ್ಗಿಸುವ ಒಳಗಿನ ತಡೆಯಾದ ಬ್ಯಾಫಲ್ ಕಿತ್ತುಹಾಕಿದ ಪೈಪಿಗೆ ಇಂಧನ ಹೊಂದಿಸುವುದು ನನ್ನ ಮಟ್ಟಿಗೆ ವ್ಯರ್ಥ ಶ್ರಮ. ಸದ್ದು ಜೋರಾಯಿತೆಂದು ಶಕ್ತಿ ಹೆಚ್ಚಿತೆಂಬ ಭ್ರಮೆ ಹುಟ್ಟುತ್ತದೆ, ಅಳೆದಾಗ ನಡುವಿನ ಆರ್‌ಪಿಎಂನಲ್ಲಿ ಎಳೆತ ಕಡಿಮೆಯಾಗಿರುವುದೇ ಹೆಚ್ಚು. ಆದ್ದರಿಂದ ಬ್ಯಾಫಲ್ ಇರುವ, ಸಾಧ್ಯವಾದರೆ ಹೊಗೆಯ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಉಳಿಸಿಕೊಳ್ಳುವ ಸೈಲೆನ್ಸರನ್ನೇ ಆರಿಸಿಕೊಂಡಿದ್ದೀರಿ ಎಂದು ಭಾವಿಸಿ ಮುಂದುವರಿಯುತ್ತೇನೆ.

ಮಿಶ್ರಣ ಬದಲಾಗುವುದು ಏಕೆ, ಎಷ್ಟು

ಶುದ್ಧ ಪೆಟ್ರೋಲಿನ ಒಂದು ಭಾಗ ಪೂರ್ತಿ ಉರಿಯಲು ತೂಕದಲ್ಲಿ 14.7 ಭಾಗ ಗಾಳಿ ಬೇಕು. ಈ ಸಮತೋಲದ ಸ್ಥಿತಿಯನ್ನು ಲ್ಯಾಂಬ್ಡಾ 1 ಎನ್ನುತ್ತಾರೆ. ಲ್ಯಾಂಬ್ಡಾ 1ಕ್ಕಿಂತ ಹೆಚ್ಚಾದರೆ ಗಾಳಿ ಹೆಚ್ಚು, ಅಂದರೆ ತೆಳು ಮಿಶ್ರಣ. ಕಡಿಮೆಯಾದರೆ ಪೆಟ್ರೋಲ್ ಹೆಚ್ಚು, ಅಂದರೆ ದಟ್ಟ ಮಿಶ್ರಣ. ಗ್ಯಾರೇಜಿನಲ್ಲಿ ಇವನ್ನೇ ಲೀನ್, ರಿಚ್ ಎನ್ನುವುದು. ಪೂರ್ತಿ ಎಕ್ಸಲರೇಟರಿನಲ್ಲಿ ಎಂಜಿನ್ ಹೆಚ್ಚು ಶಕ್ತಿ ಕೊಡುವುದು ಲ್ಯಾಂಬ್ಡಾ 0.86ರಿಂದ 0.90ರ ಆಸುಪಾಸಿನಲ್ಲಿ.

ಸೈಲೆನ್ಸರ್ ಬದಲಾದಾಗ ಹೊಗೆ ಹೊರಹೋಗುವ ತಡೆಯಷ್ಟೇ ಬದಲಾಗುವುದಿಲ್ಲ. ಎಕ್ಸಾಸ್ಟ್ ವಾಲ್ವ್ ತೆರೆದಾಗ ಹೊರಡುವ ಒತ್ತಡದ ಅಲೆ ಪೈಪಿನ ತುದಿಗೆ ಹೋಗಿ, ಪ್ರತಿಫಲಿಸಿ, ಹೀರುವ ಅಲೆಯಾಗಿ ಹಿಂದಿರುಗುತ್ತದೆ. ಅದು ಎರಡೂ ವಾಲ್ವುಗಳು ತುಸು ತೆರೆದಿರುವ ಕ್ಷಣಕ್ಕೆ ಬಂದು ತಲುಪಿದರೆ ಸಿಲಿಂಡರಿನಿಂದ ಹಳೆಯ ಹೊಗೆ ಚೆನ್ನಾಗಿ ಖಾಲಿಯಾಗಿ ಹೊಸ ಗಾಳಿ ಹೆಚ್ಚು ಬರುತ್ತದೆ. ತಪ್ಪಿದ ಹೊತ್ತಿಗೆ ಬಂದರೆ ಹೊಗೆ ಹಿಂದಕ್ಕೆ ತಳ್ಳಲ್ಪಡುತ್ತದೆ. ಹೀಗಾಗಿ ಬದಲಾವಣೆ ಎಲ್ಲ ಆರ್‌ಪಿಎಂನಲ್ಲೂ ಒಂದೇ ಸಮನಾಗಿರುವುದಿಲ್ಲ, ಕೆಲವೆಡೆ ಏರುತ್ತದೆ, ಕೆಲವೆಡೆ ಇಳಿಯುತ್ತದೆ. ಎಂಜಿನ್ ಹೆಡ್ಡಿನಿಂದ ಸೈಲೆನ್ಸರಿಗೆ ಬರುವ ಬೆಂಡ್ ಪೈಪ್ ಹಳೆಯದನ್ನೇ ಉಳಿಸಿಕೊಂಡು ಹಿಂದಿನ ಸೈಲೆನ್ಸರನ್ನಷ್ಟೇ ಬದಲಿಸಿದರೆ ಈ ವ್ಯತ್ಯಾಸ ಸಣ್ಣದು; ಬೆಂಡ್ ಪೈಪ್ ಸಮೇತ ಪೂರ್ತಿ ಬದಲಿಸಿದರೆ ದೊಡ್ಡದು.

ಇಲ್ಲಿ ಬಹಳ ಜನ ಮರೆಯುವ ಸಂಗತಿ ಒಂದಿದೆ. ಕಾರ್ಬೊರೇಟರ್ ಪೆಟ್ರೋಲನ್ನು ಎಳೆಯುವುದೇ ಗಾಳಿಯ ವೇಗದಿಂದ. ಗಾಳಿ ಹೆಚ್ಚು ಹರಿದರೆ ಪೆಟ್ರೋಲೂ ತಾನಾಗಿ ಹೆಚ್ಚು ಬರುತ್ತದೆ. ಆದ್ದರಿಂದ ಸೈಲೆನ್ಸರ್ ಬದಲಿಸಿದ ಕೂಡಲೇ ಗಾಡಿ ಅಪಾಯಕರವಾಗಿ ಲೀನ್ ಆಗಿಬಿಡುತ್ತದೆ ಎಂಬ ಮಾತು ಅರ್ಧ ಸತ್ಯ. ಏರ್ ಫಿಲ್ಟರ್ ಡಬ್ಬಿ ಕಿತ್ತು ಬಾಯ್ತೆರೆದ ಕೋನ್ ಫಿಲ್ಟರ್ ಹಾಕಿದಾಗ ಆಗುವ ಏರುಪೇರು ಇದಕ್ಕಿಂತ ಎಷ್ಟೋ ಹೆಚ್ಚು. ಎರಡನ್ನೂ ಒಂದೇ ದಿನ ಮಾಡಬೇಡಿ; ಮಾಡಿದರೆ ಯಾವುದರಿಂದ ಏನಾಯಿತೆಂದು ತಿಳಿಯುವ ದಾರಿಯೇ ಇರುವುದಿಲ್ಲ.

ನಿಜವಾಗಿ ಲೀನ್ ಆಗಿರುವ ಹಳೆಯ ಗಾಡಿಗಳಲ್ಲಿ ತಪ್ಪು ಹಲವು ಸಲ ಪೆಟ್ರೋಲಿನದು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಇ20 ಪೆಟ್ರೋಲ್ ಬಿಡುಗಡೆಯಾಯಿತು. ಎಥೆನಾಲಿನಲ್ಲಿ ಆಮ್ಲಜನಕ ಇರುವುದರಿಂದ ಶೇ 20 ಎಥೆನಾಲ್ ಬೆರೆತ ಪೆಟ್ರೋಲಿಗೆ ಬೇಕಾದ ಗಾಳಿ 14.7 ಅಲ್ಲ, ಸುಮಾರು 13.5 ಭಾಗ. ಅಂದರೆ ಶುದ್ಧ ಪೆಟ್ರೋಲಿಗೆ ಜೆಟ್ ಹೊಂದಿಸಿದ್ದ ಕಾರ್ಬೊರೇಟರ್ ಗಾಡಿ ಇ20 ತುಂಬಿಸಿದೊಡನೆ, ಯಾರೂ ಏನನ್ನೂ ಮುಟ್ಟದೆ, ಹತ್ತಿರಹತ್ತಿರ ಶೇ 8ರಷ್ಟು ಲೀನ್ ಆಗುತ್ತದೆ. ಮೊದಲೇ ಹೀಗಿದ್ದ ಗಾಡಿಗೆ ಸೈಲೆನ್ಸರ್ ಹಾಕಿದಾಗ ಬಿಸಿ, ಮಿಸ್ಸಿಂಗ್, ಪಟಪಟ ಸದ್ದು ಕಾಣಿಸಿಕೊಂಡರೆ ಬೈಗುಳ ಮಾತ್ರ ಸೈಲೆನ್ಸರಿಗೆ.

ಮೊದಲು ಹಳೆಯ ಸೈಲೆನ್ಸರಿನಲ್ಲೇ ಅಳತೆ

ಹೊಸ ಪೈಪನ್ನು ಡಬ್ಬಿಯಲ್ಲೇ ಬಿಟ್ಟು ಮೊದಲು ಗಾಡಿಯ ಆರೋಗ್ಯ ಸರಿಪಡಿಸಿ. ಏರ್ ಫಿಲ್ಟರ್ ಶುಚಿಯಾಗಿರಲಿ, ಕಾರ್ಬೊರೇಟರ್ ಮತ್ತು ಹೆಡ್ಡಿನ ನಡುವಿನ ರಬ್ಬರ್ ಬಿರುಕು ಬಿಟ್ಟಿರಬಾರದು, ಕಾರ್ಬೊರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬೌಲಿನಲ್ಲಿ ಕಸ ನಿಂತಿರಬಾರದು. ಯುಸಿಇ ಎಂಜಿನ್ನಿನಲ್ಲಿ ವಾಲ್ವಿನ ಸಂದನ್ನು ತಾವೇ ಸರಿಪಡಿಸಿಕೊಳ್ಳುವ ಹೈಡ್ರಾಲಿಕ್ ಲಿಫ್ಟರುಗಳಿರುವುದರಿಂದ ಟ್ಯಾಪೆಟ್ ಹೊಂದಿಸುವ ಕೆಲಸವಿಲ್ಲ. ಬೇರೆ ಗಾಡಿಯಾದರೆ ಅದನ್ನೂ ನೋಡಿ. ಈ ಎಂಜಿನ್ನಿಗೆ ಎರಡು ಸ್ಪಾರ್ಕ್ ಪ್ಲಗ್ ಇವೆ ಎಂಬುದನ್ನು ನೆನಪಿಟ್ಟು ಎರಡನ್ನೂ ಹೊಸದಾಗಿ ಹಾಕಿ. ಪೆಟ್ರೋಲನ್ನು ಕೆಲಸ ಮುಗಿಯುವವರೆಗೆ ಒಂದೇ ಬಂಕಿನಲ್ಲಿ ತುಂಬಿಸಿ.

ಎಕ್ಸಲರೇಟರ್ ಹಿಡಿಯ ಮೇಲೆ ಬಿಳಿ ಟೇಪ್ ಸುತ್ತಿ, ಸ್ವಿಚ್ ಡಬ್ಬಿಯ ಮೇಲೆ ಒಂದು ಗೆರೆ ಎಳೆದು, ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಎಂದು ಗುರುತು ಹಾಕಿ. ಈ ಸರಳ ಟೇಪು ಇಲ್ಲದೆ ಮಾಡಿದ ಟ್ಯೂನಿಂಗಿನಲ್ಲಿ ನನಗೆ ನಂಬಿಕೆಯಿಲ್ಲ, ಏಕೆಂದರೆ ಸವಾರನಿಗೆ ಅರ್ಧ ಎನಿಸುವುದು ಹೆಚ್ಚಿನ ವೇಳೆ ಕಾಲು ಭಾಗವೇ ಆಗಿರುತ್ತದೆ. ನಂತರ ಪ್ರತಿ ಗುರುತಿನಲ್ಲೂ ಗಾಡಿ ಹೇಗೆ ಎಳೆಯುತ್ತದೆ, ಐಡಲ್ (ಎಕ್ಸಲರೇಟರ್ ಮುಟ್ಟದೆ ನಿಂತಲ್ಲೇ ಎಂಜಿನ್ ಓಡುವ ವೇಗ) ಎಷ್ಟು, ಬಿಸಿಯಾದಾಗ ಎಕ್ಸಲರೇಟರ್ ಬಿಟ್ಟರೆ ಆರ್‌ಪಿಎಂ ಎಷ್ಟು ಬೇಗ ಇಳಿಯುತ್ತದೆ ಎಂಬುದನ್ನು ಬರೆದುಕೊಳ್ಳಿ.

ಖರ್ಚು ಮಾಡಲು ಮನಸ್ಸಿದ್ದರೆ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರಿಗೆ ಖರ್ಚು ಮಾಡಿ. ಹೊಗೆಯಲ್ಲಿನ ಆಮ್ಲಜನಕ ನೋಡಿ ಮಿಶ್ರಣವನ್ನು ಅಂಕಿಯಲ್ಲಿ ತೋರಿಸುವ ಸಾಧನ ಅದು. ಬಾಷ್ ಎಲ್‌ಎಸ್‌ಯು 4.9 ಇಂಥ ಮೀಟರುಗಳಲ್ಲಿ ಸಾಮಾನ್ಯವಾಗಿ ಬರುವ ಸೆನ್ಸರ್. ಅದನ್ನು ಕೂರಿಸಲು ಬೆಂಡ್ ಪೈಪಿಗೆ ಎಂ18×1.5 ಅಳತೆಯ ಒಂದು ಬುಷ್ ವೆಲ್ಡ್ ಮಾಡಿಸಬೇಕು. ಸೆನ್ಸರ್ ಪೈಪಿನ ಮೇಲ್ಭಾಗದಲ್ಲಿ, ತುಸುವಾದರೂ ಓರೆಯಾಗಿ ಮೇಲ್ಮುಖವಾಗಿರಲಿ. ಅಡಿಭಾಗದಲ್ಲಿ ಕೂರಿಸಿದರೆ ತಣ್ಣನೆಯ ಎಂಜಿನ್ ಶುರುವಾದಾಗ ಪೈಪಿನಲ್ಲಿ ಸೇರುವ ನೀರು ತಗುಲಿ ಒಳಗಿನ ಸೆರಾಮಿಕ್ ಸೀಳುತ್ತದೆ. ಕ್ಯಾಟಲಿಟಿಕ್ ಕನ್ವರ್ಟರಿಗಿಂತ ಮೊದಲು, ಪೈಪಿನ ಹೊರತುದಿಯಿಂದ ಸಾಕಷ್ಟು ದೂರದಲ್ಲಿ ಇರಬೇಕು. ಮೀಟರಿನಲ್ಲಿ 14.7 ಎಂದು ಕಂಡರೆ ಅದು ಲ್ಯಾಂಬ್ಡಾ 1 ಎಂದಷ್ಟೇ ಅರ್ಥ. ಟ್ಯಾಂಕಿನಲ್ಲಿ ಇ20 ಇದ್ದರೂ ಮೀಟರ್ ಪೆಟ್ರೋಲಿನ ಲೆಕ್ಕದಲ್ಲೇ ತೋರಿಸುತ್ತದೆ. ಗೊಂದಲ ಬೇಡವಾದರೆ ಮೀಟರನ್ನೇ ಲ್ಯಾಂಬ್ಡಾಕ್ಕೆ ಇಟ್ಟುಕೊಳ್ಳಿ.

ಸೋರಿಕೆ ಇಲ್ಲದಂತೆ ಕೂರಿಸುವುದು

ತಣ್ಣಗಿರುವ ಎಂಜಿನ್ನಿನ ಮೇಲಷ್ಟೇ ಕೆಲಸ ಮಾಡಿ. ಹೆಡ್ಡಿನ ಸ್ಟಡ್‌ಗಳು ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಅಲ್ಯೂಮಿನಿಯಂ ಹೆಡ್ಡಿನಲ್ಲಿ ಸ್ಟಡ್ ಮುರಿದರೆ ಸೈಲೆನ್ಸರಿನಷ್ಟೇ ಖರ್ಚು ಮತ್ತೆ ಬರುತ್ತದೆ. ಹಳೆಯ ಗ್ಯಾಸ್ಕೆಟನ್ನು ಕೆರೆದು ತೆಗೆದು ಹೊಸದನ್ನೇ ಹಾಕಿ. ಸೈಲೆನ್ಸರಿನ ಹಿಂದಿನ ಬ್ರಾಕೆಟ್ಟನ್ನು ಸಡಿಲವಾಗಿಯೇ ಬಿಟ್ಟು, ಮುಂದಿನ ಎರಡು ನಟ್‌ಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪಸ್ವಲ್ಪವೇ ಬಿಗಿಯುತ್ತಾ ಬಂದು, ಪೈಪು ತಾನಾಗಿ ಕುಳಿತ ಮೇಲೆ ಹಿಂದಿನದನ್ನು ಬಿಗಿಯಿರಿ. ಬ್ರಾಕೆಟ್ ರಂಧ್ರಕ್ಕೆ ಪೈಪನ್ನು ಎಳೆದು ಕೂರಿಸಿದರೆ ಕೆಲವೇ ವಾರಗಳಲ್ಲಿ ವೆಲ್ಡ್ ಬಿರುಕು ಬಿಡುತ್ತದೆ. ಕೀಲುಗಳಿಗೆ ಪೇಸ್ಟ್ ಹಚ್ಚುವುದಾದರೆ ಆಕ್ಸಿಜನ್ ಸೆನ್ಸರಿಗೆ ತೊಂದರೆ ಮಾಡದ್ದನ್ನೇ ಬಳಸಿ, ಸಾಮಾನ್ಯ ಸಿಲಿಕೋನ್ ಸೆನ್ಸರನ್ನು ಹಾಳು ಮಾಡುತ್ತದೆ.

ಈಗ ತಣ್ಣನೆಯ ಎಂಜಿನ್ ಶುರುಮಾಡಿ, ಒಬ್ಬರು ಒದ್ದೆಬಟ್ಟೆಯ ದಪ್ಪ ಮಡಿಕೆಯನ್ನು ಸೈಲೆನ್ಸರಿನ ಬಾಯಿಗೆ ಕ್ಷಣಕಾಲ ಅಡ್ಡ ಹಿಡಿಯಲಿ, ಇನ್ನೊಬ್ಬರು ಕೀಲುಗಳ ಮೇಲೆ ಸೋಪುನೀರು ಬಿಡಲಿ. ಗುಳ್ಳೆ ಎದ್ದಲ್ಲಿ ಸೋರಿಕೆ. ಇದನ್ನು ಬಿಟ್ಟು ಮುಂದೆ ಹೋದವರಲ್ಲಿ ನಾನೂ ಒಬ್ಬ: ಎಕ್ಸಲರೇಟರ್ ಬಿಟ್ಟಾಗಲೆಲ್ಲ ಪಟಾಕಿ ಹಾರುತ್ತಿತ್ತೆಂದು ಜೆ.ಸಿ. ರಸ್ತೆಯಲ್ಲಿ ಎರಡು ಸಲ ಜೆಟ್ ಖರೀದಿಸಿ, ಪೈಲಟ್ (ಐಡಲ್ಲಿನದು), ಮೈನ್ (ಪೂರ್ತಿ ಎಕ್ಸಲರೇಟರಿನದು) ಎರಡನ್ನೂ ದೊಡ್ಡದು ಮಾಡಿ, ಮೈಲೇಜ್ ಕಳೆದುಕೊಂಡು, ಕೊನೆಗೆ ಬೆಂಡ್ ಪೈಪ್ ಬಿಚ್ಚಿದರೆ ಗ್ಯಾಸ್ಕೆಟ್ ಒಂದು ಕಡೆ ಮಡಚಿ ಕುಳಿತಿತ್ತು. ಸೋರಿಕೆಯ ಬಾಯಿಂದ ಹೊರಗಿನ ಗಾಳಿ ಒಳಸೇರಿ, ಉರಿಯದೆ ಉಳಿದ ಪೆಟ್ರೋಲಿನ ಆವಿ ಬಿಸಿ ಪೈಪಿನಲ್ಲೇ ಹೊತ್ತಿಕೊಳ್ಳುವುದೇ ಆ ಸದ್ದು. ಅದೇ ಗಾಳಿ ವೈಡ್‌ಬ್ಯಾಂಡ್ ಸೆನ್ಸರಿಗೂ ಸುಳ್ಳು ಹೇಳುತ್ತದೆ: ಮಿಶ್ರಣ ಸರಿಯಿದ್ದರೂ ಲೀನ್ ಎಂದು ತೋರುತ್ತದೆ.

ಸೋರಿಕೆ ಇಲ್ಲವೆಂದು ಖಚಿತವಾದ ಮೇಲೂ ಎಕ್ಸಲರೇಟರ್ ಬಿಟ್ಟಾಗ ಮೆಲ್ಲನೆ ಪಟಪಟ ಕೇಳಿದರೆ ಗಾಬರಿ ಬೇಡ. ಹೊಗೆ ಶುದ್ಧಿಗಾಗಿ ಎಕ್ಸಾಸ್ಟ್ ಪೋರ್ಟಿಗೆ ಗಾಳಿ ಬಿಡುವ ವಾಲ್ವ್ ಇರುವ ಗಾಡಿಗಳಲ್ಲಿ, ಮೊದಲೂ ಇದ್ದ ಸದ್ದನ್ನು ಹಳೆಯ ಸೈಲೆನ್ಸರ್ ನುಂಗಿಕೊಳ್ಳುತ್ತಿತ್ತು, ಹೊಸದು ನುಂಗುವುದಿಲ್ಲ, ಅಷ್ಟೆ.

ಕಾರ್ಬೊರೇಟರ್: ಮೇಲಿನಿಂದ ಕೆಳಕ್ಕೆ

ಜೆಟ್ ಬಿಚ್ಚಿದಾಗ ಅದರ ಮೇಲೆ ಕೊರೆದಿರುವ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಹಿಂದಿನ ಮಾಲೀಕರು ಬದಲಿಸಿರಲೂಬಹುದು. ತಂತಿ ತೂರಿಸಿ ಜೆಟ್ ದೊಡ್ಡದು ಮಾಡಿಕೊಡುವವರು ಎಲ್ಲ ಊರಲ್ಲೂ ಇದ್ದಾರೆ. ಆ ಮೇಲೆ ಅದರ ನಿಜವಾದ ಅಳತೆ ಯಾರಿಗೂ ಗೊತ್ತಿರುವುದಿಲ್ಲ. ಎರಡು ಮೂರು ಅಳತೆಯ ಒಳ್ಳೆಯ ಜೆಟ್ಟುಗಳನ್ನು ಮೊದಲೇ ತಂದಿಟ್ಟುಕೊಳ್ಳಿ.

ನಾನು ಪೂರ್ತಿ ಎಕ್ಸಲರೇಟರಿನ ಮೈನ್ ಜೆಟ್ಟಿನಿಂದ ಶುರುಮಾಡಿ ಐಡಲ್ ಕಡೆಗೆ ಇಳಿಯುತ್ತೇನೆ, ಏಕೆಂದರೆ ಅದನ್ನು ಬದಲಿಸಿದಾಗ ನಡುವಿನ ಹಂತವೂ ತುಸು ಅಲುಗಾಡುತ್ತದೆ. ಪೂರ್ತಿ ಎಕ್ಸಲರೇಟರಿನ ಪರೀಕ್ಷೆಯನ್ನು ಡೈನೊ (ನಿಂತಲ್ಲೇ ಚಕ್ರ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಅಥವಾ ಮುಚ್ಚಿದ ಟ್ರ್ಯಾಕಿನಲ್ಲಿ ಮಾಡಬೇಕು. ನೈಸ್ ರಸ್ತೆಯಾಗಲಿ ಹೆದ್ದಾರಿಯಾಗಲಿ ಅದಕ್ಕಿರುವ ಜಾಗವಲ್ಲ. ಮೂರನೆಯ ಗೇರಿನಲ್ಲಿ ಪೂರ್ತಿ ತೆರೆದು ಎಳೆಸಿ, ನಂತರ ಎಕ್ಸಲರೇಟರನ್ನು ಸ್ವಲ್ಪವೇ ಹಿಂದಕ್ಕೆ ತಿರುಗಿಸಿ. ಆಗ ಗಾಡಿ ಇನ್ನಷ್ಟು ಮುನ್ನುಗ್ಗಿದಂತೆ ಅನಿಸಿದರೆ ಮೈನ್ ಜೆಟ್ ಚಿಕ್ಕದು. ಪೂರ್ತಿ ತೆರೆದಾಗ ಗುಡುಗುಡು ಎನ್ನುತ್ತಾ ಮುಗ್ಗರಿಸಿ, ಹಿಂದಕ್ಕೆ ತಿರುಗಿಸಿದಾಗಲೂ ಅದೇ ಜಡತೆ ಇದ್ದರೆ ದೊಡ್ಡದು. ವೈಡ್‌ಬ್ಯಾಂಡ್ ಇದ್ದವರಿಗೆ ಲೆಕ್ಕ ಸುಲಭ. ಮಿಕುನಿ ಷಡ್ಭುಜ ಮೈನ್ ಜೆಟ್ಟುಗಳ ಸಂಖ್ಯೆ ಅವುಗಳಲ್ಲಿ ಹರಿಯುವ ಪೆಟ್ರೋಲಿನ ಪ್ರಮಾಣವನ್ನೇ ಸೂಚಿಸುವುದರಿಂದ, 100ರ ಜೆಟ್ಟಿನಲ್ಲಿ ಲ್ಯಾಂಬ್ಡಾ 0.94 ಬಂದು ನಿಮಗೆ 0.89 ಬೇಕಿದ್ದರೆ, 0.94ನ್ನು 0.89ರಿಂದ ಭಾಗಿಸಿ, ಸುಮಾರು 1.056. ಹತ್ತಿರದ ಜೆಟ್ 105. ಒಮ್ಮೆಗೆ ಒಂದೇ ಹೆಜ್ಜೆ.

ಮೀಟರ್ ಇಲ್ಲದವರು ಪ್ಲಗ್ ಓದಬಹುದು, ಆದರೆ ಹತ್ತು ಕಿಲೋಮೀಟರ್ ಓಡಿಸಿ, ಸಿಗ್ನಲಿನಲ್ಲಿ ನಿಂತು, ಮನೆಗೆ ಬಂದು ತೆಗೆದ ಪ್ಲಗ್ ಐಡಲ್ಲಿನ ಕತೆಯನ್ನಷ್ಟೇ ಹೇಳುತ್ತದೆ. ಹೊಸ ಪ್ಲಗ್ ಹಾಕಿ, ಟ್ರ್ಯಾಕಿನಲ್ಲಿ ಪೂರ್ತಿ ಎಕ್ಸಲರೇಟರಿನಲ್ಲಿ ಓಡಿಸಿ, ಅದೇ ಸ್ಥಿತಿಯಲ್ಲಿ ಕ್ಲಚ್ ಹಿಡಿದು ಕಿಲ್ ಸ್ವಿಚ್ ಒತ್ತಿ, ಅಲ್ಲೇ ಪ್ಲಗ್ ಬಿಚ್ಚಬೇಕು. ಸೀಸವಿಲ್ಲದ ಈಗಿನ ಪೆಟ್ರೋಲಿನಲ್ಲಿ ಪಿಂಗಾಣಿಯ ತುದಿ ಹೆಚ್ಚು ಬಣ್ಣ ತಾಳುವುದಿಲ್ಲ. ಭೂತಗನ್ನಡಿ ಹಿಡಿದು ಪಿಂಗಾಣಿಯ ಬುಡದಲ್ಲಿ ತೆಳುವಾದ ಕಂದು ಬಳೆ ಇದೆಯೇ ಎಂದು ನೋಡಿ. ಬಳೆಯೇ ಇಲ್ಲದೆ ಬಿಳಿಚಿಕೊಂಡು, ಸಣ್ಣ ಹೊಳೆಯುವ ಚುಕ್ಕೆಗಳಿದ್ದರೆ ಅಲ್ಲಿಗೇ ನಿಲ್ಲಿಸಿ ಜೆಟ್ ದೊಡ್ಡದು ಮಾಡಿ. ಆ ಚುಕ್ಕೆಗಳು ಪಿಸ್ಟನ್ನಿನ ಅಲ್ಯೂಮಿನಿಯಂ ಆಗಿರಬಹುದು.

ಮುಂದಿನದು ನೀಡಲ್, ಗಾಳಿಯ ದಾರಿ ತೆರೆಯುವ ಸ್ಲೈಡಿನ ಜೊತೆ ಏರಿಳಿದು ನಡುವಿನ ತೆರವುಗಳಲ್ಲಿ ಪೆಟ್ರೋಲ್ ಬಿಡುವ ಮೊನಚಾದ ಕಡ್ಡಿ. ದಿನನಿತ್ಯದ ಸವಾರಿಯ ಬಹುಪಾಲು ನಡೆಯುವುದು ಇದರ ಮೇಲೆಯೇ, ಆದರೂ ಇದನ್ನು ಮುಟ್ಟುವವರು ಕಡಿಮೆ. ಗೀರುಗಳಿರುವ ನೀಡಲ್ ಆದರೆ ಕ್ಲಿಪ್ಪನ್ನು ಒಂದು ಗೀರು ಕೆಳಗೆ ಹಾಕಿದಾಗ ನೀಡಲ್ ಮೇಲೇರಿ ಮಿಶ್ರಣ ದಟ್ಟವಾಗುತ್ತದೆ. ಗೀರುಗಳಿಲ್ಲದಿದ್ದರೆ ಅರ್ಧ ಮಿಲಿಮೀಟರಿನ ಪುಟ್ಟ ವಾಷರ್ ಇಟ್ಟು ಎತ್ತಬಹುದು. ಕಾಲು ಭಾಗದಿಂದ ಅರ್ಧಕ್ಕೆ ನಿಧಾನವಾಗಿ ತೆರೆದಾಗ ಗಾಡಿ ಹಿಂದೆ ಮುಂದೆ ಜಗ್ಗಿದಂತಾದರೆ ಅದು ಲೀನ್ ಲಕ್ಷಣ. ಕ್ಲಾಸಿಕ್ 350ರ ಬಿಎಸ್29 ನಿರ್ವಾತದ ಬಲದಿಂದ ಸ್ಲೈಡ್ ಏಳುವ ಬಗೆಯ ಕಾರ್ಬೊರೇಟರ್. ಅದರಲ್ಲಿ ಸ್ಲೈಡಿನ ಎತ್ತರ ನಿಮ್ಮ ಕೈಯ ಗುರುತಿಗೆ ಸರಿಯಾಗಿ ಹೊಂದುವುದಿಲ್ಲ, ಎಂಜಿನ್ನಿನ ಹೀರುವಿಕೆಗೆ ಹೊಂದುತ್ತದೆ. ಹಾಗಾಗಿ ಪ್ರತಿ ಗುರುತಿನಲ್ಲೂ ಆರ್‌ಪಿಎಂ ಸ್ಥಿರವಾಗುವವರೆಗೆ ಕಾದು ನಿರ್ಧರಿಸಿ. ಹಳೆಯ ಕಾಸ್ಟ್ ಐರನ್ ಬುಲೆಟ್ಟಿನ ವಿಎಂ24 ಕಾರ್ಬೊರೇಟರಿನಲ್ಲಿ ಸ್ಲೈಡ್ ನೇರವಾಗಿ ಕೇಬಲ್ಲಿಗೇ ಕಟ್ಟಿರುವುದರಿಂದ ಈ ತೊಡಕಿಲ್ಲ.

ಕೊನೆಗೆ ಐಡಲ್. ಇಲ್ಲಿ ಎಡವುವವರು ಬಹಳ. ವಿಎಂ24ರಲ್ಲಿ ಐಡಲ್ ಮಿಶ್ರಣ ಹೊಂದಿಸುವ ಸ್ಕ್ರೂ ಏರ್ ಫಿಲ್ಟರ್ ಕಡೆ ಇದ್ದು ಗಾಳಿಯನ್ನು ನಿಯಂತ್ರಿಸುತ್ತದೆ: ಹೊರಕ್ಕೆ ತಿರುಗಿಸಿದರೆ ಲೀನ್. ಬಿಎಸ್29ರಲ್ಲಿ ಸ್ಕ್ರೂ ಎಂಜಿನ್ ಕಡೆ ಇದ್ದು ಮಿಶ್ರಣವನ್ನೇ ನಿಯಂತ್ರಿಸುತ್ತದೆ: ಹೊರಕ್ಕೆ ತಿರುಗಿಸಿದರೆ ರಿಚ್. ಒಂದರ ಸಲಹೆ ಇನ್ನೊಂದಕ್ಕೆ ತಿರುಗುಬಾಣ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಸ್ಕ್ರೂವನ್ನು ಮೆಲ್ಲಗೆ ತಿರುಗಿಸುತ್ತಾ ಐಡಲ್ ಅತಿ ಹೆಚ್ಚಾಗುವ ಜಾಗ ಹುಡುಕಿ, ಬಳಿಕ ಐಡಲ್ ಸ್ಕ್ರೂನಿಂದ ಆರ್‌ಪಿಎಂ ಇಳಿಸಿ, ಇನ್ನೊಮ್ಮೆ ಹುಡುಕಿ. ಮಿಶ್ರಣದ ಸ್ಕ್ರೂ ಮೂರು ಸುತ್ತು ಹೊರಬಂದರೂ ಐಡಲ್ ಏರುತ್ತಲೇ ಇದ್ದರೆ ಪೈಲಟ್ ಜೆಟ್ ಒಂದು ಅಳತೆ ದೊಡ್ಡದು ಬೇಕು. ಅರ್ಧ ಸುತ್ತಿನಲ್ಲೇ ಸಾಕಾದರೆ ಚಿಕ್ಕದು ಬೇಕು. ಗಾಳಿಯ ಸ್ಕ್ರೂ ಆದರೆ ಇದನ್ನು ತಲೆಕೆಳಗು ಮಾಡಿಕೊಳ್ಳಿ. ಇಷ್ಟಾದ ಮೇಲೆ ಹೊಗೆ ತಪಾಸಣೆ ಕೇಂದ್ರಕ್ಕೆ ಹೋಗಿ ಇಂಗಾಲದ ಮಾನಾಕ್ಸೈಡ್ ಪ್ರಮಾಣ ನೋಡಿಸಿ. ಐಡಲ್ ಮಿಶ್ರಣದ ಬಗ್ಗೆ ಇಷ್ಟು ಅಗ್ಗವಾಗಿ ಅಂಕಿ ಕೊಡುವ ಜಾಗ ಇನ್ನೊಂದಿಲ್ಲ.

ಒಂದು ಎಚ್ಚರಿಕೆ ಎತ್ತರದ ಬಗ್ಗೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದ್ದು ಇಲ್ಲಿನ ಗಾಳಿ ಮಂಗಳೂರಿಗಿಂತ ಅಂದಾಜು ಶೇ 8ರಷ್ಟು ವಿರಳ. ಕಾರ್ಬೊರೇಟರಿನಲ್ಲಿ ಅದು ಮಿಶ್ರಣವನ್ನು ಸುಮಾರು ಶೇ 4ರಷ್ಟು ಬದಲಿಸುತ್ತದೆ. ಬೆಂಗಳೂರಿನಲ್ಲಿ ಅಂಚಿಗೆ ತಂದು ಲೀನಾಗಿ ಹೊಂದಿಸಿದ ಗಾಡಿ ಶಿರಾಡಿ ಘಾಟಿ ಇಳಿದು ಕರಾವಳಿಗೆ ಹೋದಾಗ ಇನ್ನೂ ಲೀನ್ ಆಗುತ್ತದೆ, ಅದೂ ಸೆಕೆಯಲ್ಲಿ. 1,930 ಮೀಟರಿನ ಮುಳ್ಳಯ್ಯನಗಿರಿಗೆ ಹತ್ತಿದರೆ ಅದೇ ಗಾಡಿ ರಿಚ್ ಆಗಿ ಮಂಕಾಗುತ್ತದೆ. ಎರಡೂ ಕಡೆ ಓಡಾಡುವವರು ತುಸು ರಿಚ್ ಕಡೆಗೇ ವಾಲಿಸಿಟ್ಟುಕೊಳ್ಳುವುದು ಲೇಸು. ಮಂಕಾದ ಗಾಡಿ ಮನೆಗೆ ತಲುಪಿಸುತ್ತದೆ, ಲೀನಾದದ್ದು ಪಿಸ್ಟನ್ ಕಚ್ಚಿಸಬಹುದು.

ಹಳೆಯ ಯೆಜ್ಡಿ, ಆರ್‌ಎಕ್ಸ್100ರಂಥ ಟೂ ಸ್ಟ್ರೋಕ್ ಇರುವವರು ಈ ಬರಹವನ್ನು ಹಾಗೆಯೇ ಅನ್ವಯಿಸಬೇಡಿ. ಅವುಗಳಲ್ಲಿ ಸೈಲೆನ್ಸರಿನ ಆಕಾರವೇ ಎಂಜಿನ್ನಿನ ಒಂದು ಭಾಗ, ಪೈಪು ಬದಲಾದರೆ ಶಕ್ತಿ ಬರುವ ಆರ್‌ಪಿಎಂ ಪೂರ್ತಿ ಬದಲಾಗುತ್ತದೆ, ಮತ್ತು ಲೀನ್ ಆದರೆ ಎಂಜಿನ್ ಹಿಡಿದುಕೊಳ್ಳಲು ನಿಮಿಷಗಳು ಸಾಕು.

ಎಫ್‌ಐ ಗಾಡಿಗಳಲ್ಲಿ

2020ರ ಏಪ್ರಿಲ್ 1ರಿಂದ ಬಿಎಸ್6 ಕಡ್ಡಾಯವಾದ ಮೇಲೆ ಬಂದ ಬೈಕುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಇಂಜೆಕ್ಷನ್ ಗಾಡಿಗಳೇ. ಐಡಲ್ ಮತ್ತು ಹದವಾದ ಓಟದಲ್ಲಿ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಆಕ್ಸಿಜನ್ ಸೆನ್ಸರಿನ ಮಾತು ಕೇಳಿ ಲ್ಯಾಂಬ್ಡಾ 1ರ ಸುತ್ತ ತಾನೇ ತಿದ್ದಿಕೊಳ್ಳುತ್ತದೆ. ಎಕ್ಸಲರೇಟರ್ ಹೆಚ್ಚು ತೆರೆದಾಗ ಸೆನ್ಸರನ್ನು ಬದಿಗಿಟ್ಟು, ಒಳಗೆ ಬರೆದಿಟ್ಟ ಮ್ಯಾಪಿನಂತೆ ಪೆಟ್ರೋಲ್ ಬಿಡುತ್ತದೆ. ಬೆಂಡ್ ಪೈಪ್, ಕ್ಯಾಟಲಿಟಿಕ್ ಕನ್ವರ್ಟರ್, ಸೆನ್ಸರ್ ಎಲ್ಲವನ್ನೂ ಇದ್ದಂತೆಯೇ ಇಟ್ಟು ಹಿಂದಿನ ಸೈಲೆನ್ಸರ್ ಮಾತ್ರ ಬದಲಿಸಿದವರು ಯಾವ ಡಬ್ಬಿಯನ್ನೂ ಕೊಳ್ಳುವ ಮೊದಲು ಕೆಲವು ದಿನ ಓಡಿಸಿ, ಡಯಾಗ್ನೋಸ್ಟಿಕ್ ಕನೆಕ್ಟರಿನಿಂದ ಫ್ಯೂಯಲ್ ಟ್ರಿಮ್, ಅಂದರೆ ಇಸಿಯು ಪೆಟ್ರೋಲನ್ನು ತಾನಾಗಿ ಶೇಕಡಾ ಎಷ್ಟು ತಿದ್ದಿಕೊಂಡಿದೆ ಎಂಬುದನ್ನು ಓದಿಸಿ ನೋಡಲಿ. ದೀರ್ಘಾವಧಿಯ ಟ್ರಿಮ್ ಶೇ 10ರೊಳಗೆ ಇದ್ದರೆ ಇಸಿಯು ತನ್ನ ಕೆಲಸ ಮಾಡುತ್ತಿದೆ, ಹಣ ಉಳಿಯಿತು.

ಗಾಳಿಯ ಉಷ್ಣಾಂಶದ ಸೆನ್ಸರಿಗೆ ರೆಸಿಸ್ಟರ್ ಕಟ್ಟಿ, ಗಾಳಿ ತಣ್ಣಗಿದೆ ಎಂದು ಇಸಿಯುವನ್ನು ನಂಬಿಸುವ ಅಗ್ಗದ ಉಪಾಯ ಬೇಡ. ಅದು ಬೇಕಿರಲಿ ಬೇಡವಿರಲಿ ಎಲ್ಲೆಡೆ ಒಂದೇ ಪ್ರಮಾಣದಲ್ಲಿ ಪೆಟ್ರೋಲ್ ಸುರಿಯಲು ನೋಡುತ್ತದೆ, ಹದವಾದ ಓಟದಲ್ಲಿ ಆಕ್ಸಿಜನ್ ಸೆನ್ಸರ್ ಅದನ್ನು ಮತ್ತೆ ಕಡಿತಗೊಳಿಸುತ್ತದೆ.

ಬೆಂಡ್ ಪೈಪ್ ಸಮೇತ ಬದಲಿಸಿದವರಿಗೆ ಇಸಿಯು ಮ್ಯಾಪ್ ತಿದ್ದಿಸುವುದು ಅಥವಾ ಇಸಿಯುವಿನ ಸಂಕೇತವನ್ನು ನಡುದಾರಿಯಲ್ಲಿ ತಿದ್ದುವ ಪಿಗ್ಗಿಬ್ಯಾಕ್ ಡಬ್ಬಿ, ಎರಡೇ ದಾರಿ. ಬೆಂಗಳೂರಿನ ರೇಸ್ ಡೈನಾಮಿಕ್ಸ್ ತಯಾರಿಸುವ ಪವರ್‌ಟ್ರಾನಿಕ್ ಇಗ್ನಿಷನ್ ಟೈಮಿಂಗನ್ನೂ ಬದಲಿಸಬಲ್ಲ ಪಿಗ್ಗಿಬ್ಯಾಕ್. ಅದೇ ಸಂಸ್ಥೆಯ ಫ್ಯೂಯಲ್‌ಎಕ್ಸ್ ಇಂಧನಕ್ಕೆ ಮಾತ್ರ ಸೀಮಿತ. ಯಾವುದನ್ನು ಹಾಕಿದರೂ ಬೇರೊಬ್ಬರ ಗಾಡಿಯ ಮ್ಯಾಪನ್ನು ಆರಂಭಕ್ಕೆ ಮಾತ್ರ ಬಳಸಿ. ಮ್ಯಾಪ್ ಎಂದರೆ ಒಂದು ಕಡೆ ಆರ್‌ಪಿಎಂ, ಇನ್ನೊಂದು ಕಡೆ ಎಕ್ಸಲರೇಟರ್ ತೆರವು ಇರುವ ಕೋಷ್ಟಕ. ಡೈನೊ ಮೇಲೆ ಒಂದೊಂದೇ ಮನೆಯಲ್ಲಿ ಎಂಜಿನ್ನನ್ನು ಸ್ಥಿರವಾಗಿ ನಿಲ್ಲಿಸಿ ವೈಡ್‌ಬ್ಯಾಂಡ್ ಓದಿ, ಕಂಡ ಲ್ಯಾಂಬ್ಡಾವನ್ನು ಬೇಕಾದ ಲ್ಯಾಂಬ್ಡಾದಿಂದ ಭಾಗಿಸಿ: 0.98 ಕಂಡು 0.90 ಬೇಕಿದ್ದರೆ 1.089, ಅಂದರೆ ಸುಮಾರು ಶೇ 9 ಹೆಚ್ಚಿಸಬೇಕು. ಅಕ್ಕಪಕ್ಕದ ಮನೆಗಳ ನಡುವೆ ದಿಢೀರ್ ಏರಿಳಿತ ಉಳಿಯದಂತೆ ನಯಗೊಳಿಸಿ, ಇಲ್ಲವಾದರೆ ಗಾಡಿ ಅಲ್ಲಿ ಜಗ್ಗುತ್ತದೆ. ಇಸಿಯು ಸೆನ್ಸರ್ ನೋಡಿ ತಾನೇ ತಿದ್ದಿಕೊಳ್ಳುವ ಹದವಾದ ಓಟದ ಮನೆಗಳಲ್ಲಿ ಕೈಹಾಕಬೇಡಿ. ನೀವು ಕೂಡಿಸಿದ್ದನ್ನು ಅದು ಕಳೆಯುತ್ತಾ ಕೂರುತ್ತದೆ.

ಮೀಟರಿನ ಬಗ್ಗೆ ಕೊನೆಯದಾಗಿ ಒಂದು ಮಾತು. ಅತಿಯಾಗಿ ರಿಚ್ ಆಗಿ ಪ್ಲಗ್ ಮಿಸ್ ಹೊಡೆದಾಗ ಉರಿಯದ ಪೆಟ್ರೋಲಿನ ಜೊತೆ ಬಳಕೆಯಾಗದ ಆಮ್ಲಜನಕವೂ ಹೊರಬರುತ್ತದೆ, ಸೆನ್ಸರ್ ಎಣಿಸುವುದು ಆಮ್ಲಜನಕವನ್ನೇ ಆದ್ದರಿಂದ ಮೀಟರ್ ಲೀನ್ ಎನ್ನುತ್ತದೆ. ಅದನ್ನು ನಂಬಿ ಇನ್ನಷ್ಟು ಪೆಟ್ರೋಲ್ ಕೂಡಿಸುತ್ತಾ ಹೋದವರು ಪ್ಲಗ್ಗನ್ನು ನೆನೆಸಿ ಗಾಡಿ ತಳ್ಳಿಕೊಂಡು ಬಂದಿದ್ದಾರೆ. ಪೈಪಿನಿಂದ ಪೆಟ್ರೋಲ್ ವಾಸನೆ, ಕಪ್ಪು ಮಸಿ, ಮುಗ್ಗರಿಸುವ ಓಟ ಇವೆಲ್ಲ ರಿಚ್ ಎನ್ನುತ್ತಿದ್ದು ಮೀಟರ್ ಒಂದೇ ಲೀನ್ ಎಂದರೆ, ಮೊದಲು ಪ್ಲಗ್ ಮತ್ತು ಅದರ ಕ್ಯಾಪ್ ಬದಲಿಸಿ ಮತ್ತೆ ಅಳೆಯಿರಿ.